ಕುಕ್ಕಪ್ಪನ ಬಾಯಿಂದ ಇಳಿಯದ ಹೆಸರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ. ಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿದ್ದು ನಿವೃತ್ತನಾದವನು ನಾನು, ಉದಯಶಂಕರ. ಈಗಲೂ ಪುತ್ತೂರು, ಸುಳ್ಯ, ಕಡಬದ ಯಾವ ಮೂಲೆಯಲ್ಲಿ ಕಬಡ್ಡಿ ಇದ್ದರೂ ಸೀಟಿ ಊದಲು ಹೋಗುತ್ತೇನೆ. ಗೆರೆ ತುಳಿದರೆ ಔಟ್. ಮಂತ್ರಿಯ ಅಳಿಯನ ತಂಡವಾದರೂ ಔಟೇ. ಕುಲೆ ಎಂದು ನಮ್ಮ ಕಡೆ ಸತ್ತವರ ಆತ್ಮಕ್ಕೆ ಹೇಳುತ್ತಾರೆ. ಆ ಕುಲೆ, ಜೋಯಿಸರಲ್ಲಿ ಪ್ರಶ್ನೆ ಇಡಿಸುವುದು, ನಿಮಿತ್ತ ನೋಡುವುದು ಯಾವುದೂ ನನ್ನ ತಲೆಗೆ ಹತ್ತುವ ವಿಷಯವಲ್ಲ. ಹಾಗಿರುವಾಗ ಈ ಸಂಗತಿಯನ್ನು ನಾನೇ ಹೇಳಬೇಕಾಗಿ ಬಂದದ್ದಕ್ಕೆ ನನಗೇ ಒಂದು ನಮೂನೆ ಆಗುತ್ತದೆ. ಆದರೆ ಕುಕ್ಕಪ್ಪನ ವಿಷಯ ಹೇಳಲು ಹೊರಟು ಇದನ್ನು ಬಿಟ್ಟರೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ.

ಕುಕ್ಕಪ್ಪ ಗೌಡ ಜಾಲ್ಸೂರಿನ ಕಡೆಯವನು. ಹಗಲು ಸುಳ್ಯದ ಒಂದು ಅಂಗಡಿಯಲ್ಲಿ ಹೊಗೆಯಲ್ಲಿ ಒಣಗಿಸಿದ ರಬ್ಬರ್ ಶೀಟು ತೂಗುವ ಕೆಲಸ. ಮೈಯಿಂದ ಯಾವಾಗಲೂ ಆ ಹೊಗೆಯ ವಾಸನೆ. ಸಣ್ಣವನಿರುವಾಗಲೇ ಉಬ್ಬಸ ಇತ್ತು. ಕಬಡ್ಡಿ ಅಂದರೆ ಪ್ರಾಣ, ಆದರೆ ಒಂದು ಉಸಿರಿಗೆ ನಾಲ್ಕು ಸಲ ‘ಕಬಡ್ಡಿ’ ಅನ್ನುವಷ್ಟರಲ್ಲಿ ಕೆಮ್ಮಿ ಕೂತುಬಿಡುತ್ತಿದ್ದ. ಆಡಲು ಆಗದವನು ಮೈಕ್ ಹಿಡಿದ. ಮೈಕ್ ಕೈಗೆ ಬಂದರೆ ಉಬ್ಬಸ ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು. ಬಾಯಲ್ಲಿ ಒಂದು ಕಲ್ಲುಸಕ್ಕರೆ, ಎರಡು ಕಾಳುಮೆಣಸು ಹಾಕಿಕೊಂಡು ಕೂತರೆ ಬೆಳಗ್ಗಿನಿಂದ ಸಂಜೆಯವರೆಗೆ ಎಡೆಬಿಡದೆ ಮಾತಾಡುತ್ತಿದ್ದ. ಕಾಮೆಂಟರಿ ಎಂದರೆ ಅವನಿಗೆ ಸಿಟ್ಟು. “ವೀಕ್ಷಕ ವಿವರಣೆ ಹೇಳಿ ಮಾರಾಯ್ರೆ, ಬಾಯಿ ಸವೆಯುದಿಲ್ಲ” ಎನ್ನುತ್ತಿದ್ದ. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು, ಮೈಕಿನಲ್ಲಿ ಪುಸ್ತಕದಂಥ ಕನ್ನಡ, ಭಾವ ಉಕ್ಕಿದರೆ ಮಾತ್ರ ಊರಿನ ಮಾತು.

ಜನರನ್ನು ಅಳಿಸುವುದೆಂದರೆ ಅವನಿಗೆ ಬಹಳ ಇಷ್ಟ. ಸೋತ ತಂಡದ ಬಗ್ಗೆ ಎರಡು ಮಾತು ಹೇಳಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸುವಂತೆ ಮಾಡಿ ನನ್ನ ಕಡೆ ಹುಬ್ಬು ಹಾರಿಸುತ್ತಿದ್ದ. “ನಿನ್ನದು ಅತಿಯಾಯ್ತು ಕುಕ್ಕಪ್ಪ” ಎಂದು ನಾನು ಬೈಯುತ್ತಿದ್ದೆ. ಬೈದರೆ ಅವನಿಗೆ ಇನ್ನೂ ಖುಷಿ.

ಮೊದಲು ನಮ್ಮಲ್ಲಿ ತಂಡ ಎಂದರೆ ಊರಿನ ಯುವಕ ಮಂಡಲ. ಕೊಯ್ಲಾದ ಗದ್ದೆಯಲ್ಲಿ ಆಟ, ಗೆದ್ದವರಿಗೆ ಬಾಳೆಗೊನೆ. ಈಗ ಲೀಗ್ ಬಂದಿದೆ. ತಂಡಕ್ಕೊಬ್ಬ ಮಾಲೀಕ, ಆಟಗಾರರ ಹರಾಜು, ಕೆಳಗೆ ಮ್ಯಾಟು, ಮೇಲೆ ಯೂಟ್ಯೂಬ್ ಲೈವ್. ಹುಡುಗರನ್ನು ಅಡಿಕೆಯಂತೆ ಗ್ರೇಡ್ ಮಾಡುತ್ತಾರೆ ಎಂದು ನಾನು ಕೂಗಾಡಿದ್ದೆ. ಆದರೆ ಈ ಲೀಗಿನಲ್ಲಿ ಮಿಂಚಿದ ಒಬ್ಬಿಬ್ಬರಿಗೆ ದೊಡ್ಡ ಪ್ರೊ ತಂಡಗಳ ಆಯ್ಕೆ ಶಿಬಿರದಿಂದ ಕರೆ ಬರುವುದೂ ನಿಜ. ಕುಂಬ್ರದ ತಂಡವನ್ನು ತೆಗೆದುಕೊಂಡವನು ಅಫ್ರೀದ್, ಅಲ್ಲೇ ಪೈಪು ಮತ್ತು ಪಂಪಿನ ಅಂಗಡಿ ಇಟ್ಟವನು. ಆ ತಂಡದ ದಾಳಿಗಾರ ಸಂಪ್ರೀತ್. ಎಡಕ್ಕೆ ಎರಡು ಹೆಜ್ಜೆ ಇಟ್ಟು, ಬಲಗಾಲು ಚಾಚಿ ಬೋನಸ್ ಗೆರೆ ದಾಟಿಸಿ, ಎದುರಾಳಿ ಕಣ್ಣು ಮಿಟುಕಿಸುವ ಮೊದಲು ಮಧ್ಯರೇಖೆಗೆ ವಾಪಸ್. ಬೀಡಿ ಕಟ್ಟಿ ಮಗನನ್ನು ಸಾಕಿದ ಸೀತಕ್ಕನ ಒಬ್ಬನೇ ಮಗ ಅವನು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಶಿಬಿರದ ಕರೆ ಬಂದ ದಿನ ಸೀತಕ್ಕ ಕುಂಬ್ರದ ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ ಲಾಡು ಕೊಟ್ಟಿದ್ದರು.

ಶಿಬಿರಕ್ಕೆ ಹೋಗುವ ವಾರವೇ ಮಡಿಕೇರಿಯಲ್ಲಿ ಪಂದ್ಯ. ಗೆದ್ದು ಬರುವಾಗ ಉಳಿದ ಹುಡುಗರು ಜೀಪಿನಲ್ಲಿ ಮುಂದೆ, ಸಂಪ್ರೀತ್ ಬೈಕಿನಲ್ಲಿ ಹಿಂದೆ. ಸಂಪಾಜೆಯ ತಿರುವಿನಲ್ಲಿ ಲಾರಿ. ಎತ್ತಿದ್ದು ಸಂಪಾಜೆ ತಂಡದ ಹುಡುಗರೇ, ಹಿಂದಿನ ವಾರ ಅವನನ್ನು ಹಿಡಿದು ಮ್ಯಾಟಿಗೆ ಒತ್ತಿದ್ದವರು. ಸುಳ್ಯದ ಹೋಟೆಲಿನಲ್ಲಿ ಅಫ್ರೀದ್ ಎಲ್ಲರಿಗೂ ಪರೋಟ ಹೇಳಿ ಕಾಯುತ್ತಿದ್ದ. ಆ ಹುಡುಗ ಮನೆಗೆ ಬರಲಿಲ್ಲ.

ಕುಂಬ್ರದ ತಂಡ ನೆಲಕಚ್ಚಿತು. ಮೂರು ತಿಂಗಳಾದ ಮೇಲೆ ಅಫ್ರೀದ್ ಸಂಪ್ರೀತನ ಹೆಸರಿನಲ್ಲಿ ಒಂದು ಸ್ಮಾರಕ ಪಂದ್ಯಾಟ ಇಟ್ಟ. “ಹುಡುಗರಿಗೆ ಮನಸ್ಸೇ ಇಲ್ಲ ಕುಕ್ಕಪ್ಪಣ್ಣ, ಎಂತಾದ್ರೂ ಮಾಡಿ ಎಬ್ಬಿಸಿ” ಎಂದ. ಕುಕ್ಕಪ್ಪನಿಗೆ ಅಷ್ಟು ಸಾಕಿತ್ತು. ಆ ದಿನ ಕುಂಬ್ರದ ತಂಡದಿಂದ ಆರೇ ಜನ ಅಂಕಣಕ್ಕಿಳಿದರು. ಏಳನೆಯ ಜಾಗ ಖಾಲಿ. ಕುಕ್ಕಪ್ಪ ಮೈಕ್ ಹಿಡಿದು ಅಂಕಣದ ನಡುವಿಗೆ ಬಂದು, ಮಧ್ಯರೇಖೆಯ ಮೇಲಿಟ್ಟ ಕಲ್ಲಿಗೆ ತೆಂಗಿನಕಾಯಿ ಒಡೆದು ಕೂಗಿದ. “ಕುಂಬ್ರದ ಸಂಪ್ರೀತ್, ಅಂಕಣಕ್ಕೆ ಬಾ. ಸಂಪ್ರೀತ್, ನಿನ್ನ ಜಾಗ ಕಾಯ್ತಾ ಉಂಟು, ಬಾ. ಸಂಪ್ರೀತ್, ಬಾ.” ಮೂರು ಸಲ. ಅವನ ಕಣ್ಣಿನಲ್ಲೂ ನೀರು. ಇಡೀ ಮೈದಾನ ಅತ್ತಿತು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ. ಎಲ್ಲರ ಮೊಬೈಲ್ ಸ್ಟೇಟಸ್ಸಿನಲ್ಲೂ ಅದೇ ವಿಡಿಯೋ.

ನಮ್ಮಲ್ಲಿ ಆಟಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಮನೆಯ ಹಿರಿಯ ಕಾಯಿ ಒಡೆದು ಮೂರು ಸಲ ಹೆಸರು ಹಿಡಿದು ಕರೆಯುತ್ತಾನೆ, ಬಾಗಿಲು ಹಾಕಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಮತ್ತೆ ಬಾಗಿಲು ತೆಗೆದು, ಹೊಸಿಲಿಗೆ ನೀರು ಚಿಮುಕಿಸಿ, “ಉಂಡಾಯಿತಲ್ಲ, ಇನ್ನು ನಿಮ್ಮ ಜಾಗಕ್ಕೆ ಹೋಗಿ, ಬರುವ ವರ್ಷ ಕರೆಯುತ್ತೇವೆ” ಎಂದು ಕಳಿಸಿಕೊಡುತ್ತಾನೆ. ಸತ್ತು ವರ್ಷ ತುಂಬದವರನ್ನು ಕರೆಯುವಂತಿಲ್ಲ. ಕರೆದ ಮೇಲೆ ಕಳಿಸದೆ ಬಿಡುವಂತಿಲ್ಲ. ಕುಕ್ಕಪ್ಪ ತನ್ನ ಮನೆಯಲ್ಲಿ ಪ್ರತಿವರ್ಷ ಈ ಕೆಲಸ ಮಾಡುವವನೇ. ಆದರೆ ಆ ದಿನ ಕುಂಬ್ರದಲ್ಲಿ ಅದು ಅವನಿಗೂ ಹೊಳೆಯಲಿಲ್ಲ, ಅಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕರೆದರು, ಅತ್ತರು, ಆಡಿದರು, ಊಟ ಮಾಡಿ ಮನೆಗೆ ಹೋದರು.

ಮುಂದಿನ ಪಂದ್ಯ ಕಡಬದಲ್ಲಿ. ಸಂಪ್ರೀತನ ಜಾಗದಲ್ಲಿ ಕಿಶನ್ ಎಂಬ ಹುಡುಗ ಆಡುತ್ತಿದ್ದ. ಒಳ್ಳೆಯ ಆಟಗಾರ, ಆದರೆ ಬಲಬದಿಯವನು, ಬೋನಸ್ ಅವನಿಗೆ ಬಗ್ಗುವುದೇ ಇಲ್ಲ. ಅವನು ದಾಳಿಗೆ ಹೊರಟ. ಮೈಕಿನಿಂದ ಬಂತು: “ದಾಳಿಯಲ್ಲಿ ಸಂಪ್ರೀತ್. ಎಡಕ್ಕೆ ಎರಡು ಹೆಜ್ಜೆ. ಬಲಗಾಲು ಚಾಚಿ, ಬೋನಸ್.” ಕಿಶನ್ ಎಡಕ್ಕೆ ಎರಡು ಹೆಜ್ಜೆ ಇಟ್ಟು ಬಲಗಾಲು ಚಾಚಿದ. ಅಂಕ ಬಂತು. ನಾನು ಬೆರಳೆತ್ತಿ ಅಂಕ ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು, ಮಾತು ಮೊದಲು ಬಂದದ್ದು, ಕಾಲು ಆಮೇಲೆ.

ಜನ ಚಪ್ಪಾಳೆ ತಟ್ಟಿದರು. ಕುಕ್ಕಪ್ಪಣ್ಣ ಶ್ರದ್ಧಾಂಜಲಿ ಕೊಟ್ಟದ್ದು ಎಂದುಕೊಂಡರು. ವಿರಾಮದಲ್ಲಿ ಕಿಶನ್ ನನ್ನ ಹತ್ತಿರ ಬಂದು ನಿಂತ. “ಮಾಸ್ಟ್ರೆ, ನಾನು ಬಲಕ್ಕೆ ಹೋಗ್ಲಿಕ್ಕೆ ಹೊರಟದ್ದು. ಕಾಲು ಎಡಕ್ಕೆ ಹೋಯ್ತು.”

“ಬಿಸಿಲು ಹೆಚ್ಚಾಗಿದೆ ನಿನಗೆ. ನೀರು ಕುಡಿ” ಎಂದೆ. ಕುಕ್ಕಪ್ಪನ ಮುಖ ನೋಡಿದರೆ ಬೂದಿ ಬಳಿದಂತಿತ್ತು. ಅವನು ಹುಬ್ಬು ಹಾರಿಸಲಿಲ್ಲ.

ಆಮೇಲೆ ಈಶ್ವರಮಂಗಲ. ಬರುವಾಗಲೇ ಕುಕ್ಕಪ್ಪ ಅಂಗೈ ಮೇಲೆ ಪೆನ್ನಿನಲ್ಲಿ ಕಿಶನ್ ಎಂದು ಬರೆದುಕೊಂಡಿದ್ದ. “ಎಂತದಿದು, ಪರೀಕ್ಷೆಗೆ ಹೋಗುವ ಮಕ್ಕಳ ಹಾಗೆ” ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ. ಆಟ ಶುರುವಾಗಿ ಕಿಶನ್ ದಾಳಿಗೆ ಹೋದ ಕೂಡಲೇ ಅದೇ ಹೆಸರು. ಕಿಶನ್ ದಾಳಿ ಮುಗಿಸಿ ಗೆರೆ ಮುಟ್ಟಿ ಹಿಂದೆ ಬಂದ. ಆದರೆ ಮೈಕ್ ನಿಲ್ಲಲಿಲ್ಲ. “ಸಂಪ್ರೀತ್ ಇನ್ನೂ ಒಳಗಿದ್ದಾನೆ. ಹಿಂದಿರುಗಿಲ್ಲ. ಗೆರೆ ಹುಡುಕ್ತಾ ಇದ್ದಾನೆ.” ಖಾಲಿ ಮ್ಯಾಟನ್ನು ನೋಡುತ್ತಾ ಅವನು ಹೇಳುತ್ತಲೇ ಇದ್ದ. ನಾನು ಓಡಿಹೋಗಿ ಮೈಕಿನ ವಯರನ್ನೇ ಕಿತ್ತೆ. ಲೈವಿನ ಶಬ್ದವೂ ಅಲ್ಲಿಗೇ ಹೋಯಿತು, ಆ ದಿನದ ವಿಡಿಯೋವನ್ನೂ ಆಮೇಲೆ ತೆಗೆದುಹಾಕಿದರು. ಕುಕ್ಕಪ್ಪ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ.

ಚಾ ಕುಡಿಯುವಾಗ ಅವನೇ ಹೇಳಿದ. “ಕರೆದೆ ಮಾಸ್ಟ್ರೆ. ಕಾಯಿ ಒಡೆದು, ಮೂರು ಸಲ ಹೆಸರು ಹಿಡಿದು ಕರೆದೆ. ಕಳಿಸಲಿಲ್ಲ. ಅವ ಇನ್ನೆಲ್ಲಿಗೆ ಹೋಗುದು?”

“ನಿನಗೆ ಮರುಳು.”

“ಮರುಳೇ ಇರಲಿ. ಮೈಕ್ ಹಿಡಿದ್ರೆ ನಾಲಿಗೆ ನನ್ನದಲ್ಲ. ಹೀಗೇ ಆದ್ರೆ ನನಗೆ ಮೈಕ್ ಬೇಡ. ಅದು ಬೇಡ ಹೇಳಿದ್ರೆ ಮತ್ತೆ ನಾನು ಯಾರು? ಶೀಟು ತೂಗುವವ.” ಅವನ ಉಬ್ಬಸ ಶುರುವಾಯಿತು. ಎಷ್ಟೋ ವರ್ಷಗಳಿಂದ ಮೈದಾನದಲ್ಲಿ ಅವನು ಹಾಗೆ ಏದುಸಿರು ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು, ಕುಲೆಗೆ ಅಲ್ಲ, ಇವನು ಹೀಗೇ ಮುಗಿದುಬಿಡುತ್ತಾನಲ್ಲ ಎಂದು.

“ಹಾಗಾದ್ರೆ ಕಳಿಸಿಬಿಡು. ಹೊಸಿಲಿಗೆ ನೀರು ಹಾಕಿ ಹೋಗು ಹೇಳು” ಎಂದೆ.

“ಕರೆದದ್ದು ನಾನಾದ್ರೂ ಕಳಿಸುವ ಮಾತು ಹೆತ್ತವಳ ಬಾಯಿಂದ ಬರ್ಬೇಕು. ಅಲ್ಲದಿದ್ರೆ ಅವ ಹೋಗುವವನಲ್ಲ.”

ಹಾಗಾಗಿ ಇಬ್ಬರೂ ಕುಂಬ್ರಕ್ಕೆ ಸೀತಕ್ಕನ ಮನೆಗೆ ಹೋದೆವು. ಅವರು ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಎದುರು ಬಿಸ್ಕೆಟ್ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಕಡಬದ ಪಂದ್ಯದ ವಿಡಿಯೋ ಓಡುತ್ತಿತ್ತು. ಕುಕ್ಕಪ್ಪನದೇ ಸ್ವರ: ದಾಳಿಯಲ್ಲಿ ಸಂಪ್ರೀತ್. ಅದು ಮುಗಿದ ಕೂಡಲೇ ಅವರು ಬೆರಳಿನಿಂದ ಹಿಂದೆ ಸರಿಸಿ ಮತ್ತೆ ಹಾಕಿದರು. ಕೈ ಬೀಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಕುಕ್ಕಪ್ಪ ತೊದಲುತ್ತಾ ಬಂದ ಕೆಲಸ ಹೇಳಿದ. ಈಶ್ವರಮಂಗಲದಲ್ಲಿ ಬಾಯಿಂದ ಬಂದದ್ದನ್ನು ಮಾತ್ರ ಹೇಳಲಿಲ್ಲ. ತಾಯಿಯ ಎದುರು ಅದನ್ನು ಹೇಗೆ ಹೇಳುವುದು?

ಸೀತಕ್ಕ ಎಲ್ಲ ಕೇಳಿದರು. “ಅವ ಹೋದ ಮೇಲೆ ಅವನ ಹೆಸರು ಯಾರೂ ಹೇಳುದಿಲ್ಲ ಕುಕ್ಕಪ್ಪಣ್ಣ. ಬಂದವರೆಲ್ಲ ‘ನಿಮ್ಮ ಮಗ’ ಹೇಳ್ತಾರೆ. ‘ಹಾಗಾಯ್ತಲ್ಲ’ ಹೇಳ್ತಾರೆ. ನನ್ನ ತಂಗಿ ಕೂಡ ಹೆಸರು ಎತ್ತುದಿಲ್ಲ, ನಾನು ಅಳ್ತೇನೆ ಅಂತ. ನೀವು ಒಬ್ರು ಹೇಳುದು. ಅದನ್ನೂ ನಿಲ್ಲಿಸ್ಬೇಕಾ?”

“ಇವನ ಸ್ಥಿತಿ ನೋಡಿ ಸೀತಕ್ಕ” ಎಂದೆ ನಾನು.

“ನೋಡಿದೆ ಮಾಸ್ಟ್ರೆ. ನನ್ನದನ್ನು ಯಾರು ನೋಡುದು?” ಎಂದು ಅವರು ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದಿಟ್ಟರು. ನಾವು ಮಜ್ಜಿಗೆ ಕುಡಿದು ಹೊರಟೆವು.

ಲೀಗಿನ ಫೈನಲ್ ಪುತ್ತೂರಿನಲ್ಲಿ. ಪರೀಕ್ಷೆಯ ದಿನಗಳೆಂದು ರಾತ್ರಿ ಮೈಕಿಗೆ ಅನುಮತಿ ಸಿಗಲಿಲ್ಲ, ಮಧ್ಯಾಹ್ನವೇ ಇಟ್ಟರು. ಕುಂಬ್ರಕ್ಕೆ ಎದುರು ಸಂಪಾಜೆ. ಕುಕ್ಕಪ್ಪ ಬರುವುದಿಲ್ಲ ಎಂದಿದ್ದ. ಇದೊಂದು ಮುಗಿಸಿ ಮೈಕ್ ಕೆಳಗಿಡು ಎಂದು ನಾನೇ ಎಳೆದು ತಂದೆ. ಸೀತಕ್ಕ ಲೈವ್ ಸಾಲದೆಂದು ಮೈದಾನಕ್ಕೇ ಬಂದಿದ್ದರು. ಕೈಯಲ್ಲಿ ಕೊಡೆ, ಹೆಗಲಲ್ಲಿ ಒಂದು ಹಳೆಯ ಬೈರಾಸು, ಸ್ನಾನಕ್ಕೆ ಉಪಯೋಗಿಸುವ ಟವೆಲು. ಮಗ ಆಡುವ ದಿನಗಳಲ್ಲಿ ಅವನು ಹೊರಗೆ ಬಂದ ಕೂಡಲೇ ಬೆವರು ಒರೆಸಲು ತರುತ್ತಿದ್ದದ್ದು ಅದನ್ನೇ. ಕುಕ್ಕಪ್ಪನ ಮೇಜಿನ ಪಕ್ಕದ ಕುರ್ಚಿಯಲ್ಲಿ ಅವರು ಕೂತರು.

ಮೊದಲ ಅವಧಿಯಲ್ಲಿ ಹೆಸರು ಬಂತು. ಬಂದಾಗಲೆಲ್ಲ ಸೀತಕ್ಕನ ಮುಖ ಅರಳುತ್ತಿತ್ತು, ಕುಂಬ್ರದ ಹುಡುಗರ ಮುಖ ಬಾಡುತ್ತಿತ್ತು. ಎರಡನೆಯ ಅವಧಿಯಲ್ಲಿ ಕಿಶನ್ ಒಂದು ದಾಳಿ ಮುಗಿಸಿ ಹಿಂದೆ ಬಂದ, ಕುಂಬ್ರದವರು ಟೈಮ್ ಔಟ್ ಕೇಳಿದರು, ಮ್ಯಾಟ್ ಖಾಲಿಯಾಯಿತು. ಮೈಕ್ ಮಾತ್ರ ಖಾಲಿಯಾಗಲಿಲ್ಲ.

“ಸಂಪ್ರೀತ್ ಇನ್ನೂ ಒಳಗಿದ್ದಾನೆ. ಸುತ್ತ ಏಳು ಜನ. ಉಸಿರು ಬಿಟ್ಟಿಲ್ಲ. ಕಬಡ್ಡಿ, ಕಬಡ್ಡಿ ಅಂತಲೇ ಇದ್ದಾನೆ. ಗೆರೆ ಕಾಣ್ತಾ ಇಲ್ಲ ಅವನಿಗೆ. ಉಸಿರು ಬಿಟ್ಟರೆ ಔಟ್. ಬಿಡ್ತಾ ಇಲ್ಲ. ಸುಸ್ತಾಗಿದ್ದಾನೆ.” ಕುಕ್ಕಪ್ಪನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ಓಡುತ್ತಲೇ ಇತ್ತು. ಉಬ್ಬಸದ ಸುಯ್ಯೆನ್ನುವ ಸದ್ದು ಸ್ಪೀಕರಿನಲ್ಲೆಲ್ಲ ಕೇಳುತ್ತಿತ್ತು. ನಾನು ವಯರಿನ ಕಡೆ ಹೊರಟವನು ಸೀತಕ್ಕ ಏಳುವುದನ್ನು ಕಂಡು ನಿಂತೆ.

ಅವರು ಮೇಜು ದಾಟಿ ನೇರ ನನ್ನ ಹತ್ತಿರ ಬಂದರು. “ಇಷ್ಟು ದಿನ ಉಸಿರು ಕಟ್ಟಿಕೊಂಡೇ ಇದ್ದಾನಾ ಅವ? ನನಗೆ ಯಾಕೆ ಹೇಳ್ಲಿಲ್ಲ?”

ಅವರು ಖಾಲಿ ಮ್ಯಾಟಿನ ಕಡೆ ತಿರುಗಿದರು.

“ನಾನು ಅವ ಆಡ್ತಾ ಇದ್ದಾನೆ ಅಂತ ಕೇಳ್ತಾ ಕೂತದ್ದು. ಬರ್ಲಿಕ್ಕೆ ದಾರಿ ಸಿಗದೆ ಒದ್ದಾಡುದು ಅಂತ ಗೊತ್ತೇ ಇರ್ಲಿಲ್ಲ. ಸಾಕು. ಮಾಸ್ಟ್ರೆ, ಅವನನ್ನು ಹೊರಗೆ ಕರೀರಿ.”

“ಸೀತಕ್ಕ, ಆಟದಲ್ಲಿ ಇಲ್ಲದವನನ್ನು ನಾನು ಹೇಗೆ ಬದಲಿಸುದು? ನಿಯಮ ಅಂತ ಒಂದು ಉಂಟಲ್ಲ.”

“ಒಳಗೆ ಕರೆಯುವಾಗ ನಿಯಮ ನೋಡಿದ್ರಾ ನೀವು?”

ನಾನು ಸಂಪಾಜೆಯ ಕ್ಯಾಪ್ಟನನ್ನು ನೋಡಿದೆ. ಆ ತಿರುವಿನಲ್ಲಿ ಸಂಪ್ರೀತನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವನು ಅವನೇ. “ನಮ್ಮದೆಂತ ಅಡ್ಡಿ ಇಲ್ಲ ಮಾಸ್ಟ್ರೆ” ಎಂದು ಅವನು ತಲೆ ತಗ್ಗಿಸಿದ. ಅಫ್ರೀದ್ ಬಂದು ಕಿಶನನನ್ನು ತಾನೇ ಹೆಗಲು ಹಿಡಿದು ಕರೆದುಕೊಂಡು ಹೋಗಿ ಅಂಕಣದ ಅಂಚಿನಲ್ಲಿ ನಿಲ್ಲಿಸಿದ, ಬದಲಿಗೆ ಒಳಬರುವ ಆಟಗಾರ ನಿಲ್ಲುವ ಜಾಗದಲ್ಲಿ.

ನಾನು ಸೀಟಿ ಊದಿದೆ. ಎರಡೂ ಕೈಯೆತ್ತಿ ಬದಲಿ ಆಟಗಾರನ ಸನ್ನೆ ಮಾಡಿದೆ, ಸರಿಯಾಗಿ, ಯಾವ ಪಂದ್ಯದಲ್ಲಿ ಮಾಡುತ್ತೇನೋ ಹಾಗೆಯೇ. ಸೀತಕ್ಕ ಕುಕ್ಕಪ್ಪನ ಮೇಜಿನ ಎದುರು ಹೋಗಿ ನಿಂತರು. “ಹೇಳಿ ಕುಕ್ಕಪ್ಪಣ್ಣ. ನಾನು ಹೇಳ್ತಾ ಇದ್ದೇನೆ. ಅವ ಬರ್ಲಿ.”

ಕುಕ್ಕಪ್ಪ ಎದ್ದು ನಿಂತ. “ಕುಂಬ್ರ ತಂಡದಲ್ಲಿ ಬದಲಾವಣೆ. ಸಂಪ್ರೀತ್ ಹೊರಗೆ ಬರ್ತಾ ಇದ್ದಾರೆ. ಚೆನ್ನಾಗಿ ಆಡಿದ್ದೀ ಮಗ. ಗೆರೆ ಇಲ್ಲೇ ಉಂಟು, ಅಮ್ಮ ನಿಂತ ಕಡೆಯೇ. ಇನ್ನು ಉಸಿರು ಬಿಡು. ಸಂಪ್ರೀತ್, ಬಾ. ಸಂಪ್ರೀತ್, ಬಾ. ಸಂಪ್ರೀತ್, ಮನೆಗೆ ಹೋಗು.”

ಹೊರಬರುವವನ ಅಂಗೈಗೆ ಒಳಹೋಗುವವನು ಅಂಗೈ ತಟ್ಟುವುದು ಹುಡುಗರ ಅಭ್ಯಾಸ. ಕಿಶನ್ ಅಭ್ಯಾಸಬಲದಿಂದ ಕೈ ಚಾಚಿ ನಿಂತಿದ್ದ. ನಾನು ಅವನಿಂದ ಒಂದು ಮಾರು ದೂರದಲ್ಲಿದ್ದೆ. ಅವನ ಕೈ ಥಟ್ಟನೆ ಕೆಳಗೆ ಜಗ್ಗಿತು. ಅವನು ಅಂಗೈಯನ್ನು ನೋಡಿಕೊಂಡು, ಮೆಲ್ಲಗೆ ಚಡ್ಡಿಗೆ ಒರೆಸಿದ. ನಾನು ಅವನನ್ನು ಏನೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.

ಸೀತಕ್ಕ ಆಟಗಾರರ ಸಾಲಿನ ಕೊನೆಯ ಖಾಲಿ ಕುರ್ಚಿಯ ಬೆನ್ನಿಗೆ ಬೈರಾಸು ಹಾಕಿ ಪಕ್ಕದಲ್ಲಿ ಕೂತರು.

ಆಟ ಮತ್ತೆ ಶುರು. ಕಿಶನ್ ಮಧ್ಯರೇಖೆ ದಾಟಿದ. “ದಾಳಿಯಲ್ಲಿ…” ಎಂದು ಕುಕ್ಕಪ್ಪ ಅರ್ಧಕ್ಕೆ ನಿಂತ. ನಾನು ಆಟ ಬಿಟ್ಟು ಅವನ ಬಾಯನ್ನೇ ನೋಡಿದೆ, ರೆಫ್ರಿಯಾಗಿ ಮಾಡಬಾರದ ಕೆಲಸ. “ಕಿಶನ್” ಎಂದ ಕುಕ್ಕಪ್ಪ. ಮತ್ತೆ ಹೇಳಿದ, “ದಾಳಿಯಲ್ಲಿ ಕಿಶನ್.” ಸ್ವರ ಒಡೆದಿತ್ತು, ಆದರೆ ಅವನದೇ ಸ್ವರ. ಕಿಶನ್ ತನ್ನ ಮಾಮೂಲಿನಂತೆ ಬಲಕ್ಕೆ ಹೋಗಿ ಸಿಕ್ಕಿಬಿದ್ದ. ಕುಂಬ್ರ ಸೋತಿತು. ಸೋತ ತಂಡದ ಬಗ್ಗೆ ಕುಕ್ಕಪ್ಪ ಅಳಿಸುವ ಮಾತು ಒಂದೂ ಆಡಲಿಲ್ಲ, ಅಂಕ ಹೇಳಿ ಮುಗಿಸಿದ. ಈಗಲೂ ಮೈಕ್ ಹಿಡಿಯುತ್ತಾನೆ. ಮೈದಾನದಲ್ಲಿ ಯಾರನ್ನೂ ‘ಬಾ’ ಎಂದು ಕರೆಯುವುದಿಲ್ಲ, ಬಹುಮಾನ ಕೊಡಲು ಬಂದ ಅತಿಥಿಗಳನ್ನೂ ಹೆಸರು ಹೇಳಿ ಸುಮ್ಮನಾಗುತ್ತಾನೆ.

ಆ ದಿನ ಬಹುಮಾನ ಕೊಡುವ ಮೊದಲೇ ಸೀತಕ್ಕ ಹೊರಟರು. ನಾನು ಗೇಟಿನ ಹತ್ತಿರ ಸ್ಕೂಟರ್ ತೆಗೆಯುತ್ತಿದ್ದೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಅವರು ಕೊಡೆ ಬಿಡಿಸಿದ್ದರು, ಆದರೆ ತಲೆಯ ಮೇಲೆ ಹಿಡಿದಿರಲಿಲ್ಲ, ಪಕ್ಕಕ್ಕೆ ಸರಿಸಿ, ಕೈಯನ್ನು ಎತ್ತರಕ್ಕೆ ಚಾಚಿ ಹಿಡಿದಿದ್ದರು. ತಾಯಿಗಿಂತ ಆ ಹುಡುಗ ಒಂದು ಗೇಣು ಎತ್ತರವಿದ್ದ. ಅವರ ಅರ್ಧ ಮೈ ಬಿಸಿಲಿನಲ್ಲಿ. ಮೆಲ್ಲಗೆ ಏನೋ ಮಾತಾಡುತ್ತಾ ಬರುತ್ತಿದ್ದರು, ನಡುನಡುವೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಹಿಂದಿನಿಂದ ಬಂದ ಬೈಕಿನವನೊಬ್ಬ ಹಾರ್ನ್ ಹೊಡೆದು, ಕೊಡೆಯ ಕೆಳಗಿನ ಆ ಖಾಲಿ ಜಾಗದಲ್ಲೇ ನುಗ್ಗಲು ನೋಡಿದ. ನಾನು ಎರಡೇ ಹೆಜ್ಜೆಗೆ ಹೋಗಿ ಅವನ ಹ್ಯಾಂಡಲ್ ಹಿಡಿದು ನಿಲ್ಲಿಸಿದೆ.

“ಕಣ್ಣು ಕಾಣುದಿಲ್ಲವಾ ನಿನಗೆ?” ಎಂದೆ. “ಇಬ್ಬರು ಬರ್ತಾ ಇದ್ದಾರೆ. ದಾರಿ ಬಿಡು.”